ಹೊರಗಿನ ಆಂಟೆನಾ ಹಾಕಿದ್ಮೇಲೆ ಸ್ಯಾಟಲೈಟ್ ಟ್ರಾನ್ಸ್‌ಮಿಟರ್ ಕೈಕೊಟ್ರೆ ಎಲ್ಲಿಂದ ಹುಡುಕೋದು

ಸ್ಯಾಟಲೈಟ್ ಟ್ರ್ಯಾಕರ್, ಮೋಡೆಮ್ ಇಂಥದ್ದಕ್ಕೆ ಹೊರಗಡೆ ಆಂಟೆನಾ ಹಾಕೋಕೆ ಹೊರಟವ್ರು ಮೊದಲು ಕೇಳೋದು ಒಂದೇ, "ಈ ಆಂಟೆನಾಗೆ ಎಷ್ಟು ವೋಲ್ಟ್ ಕೊಡ್ಬೇಕು, ಎಷ್ಟು ಕರೆಂಟ್ ಎಳೆಯುತ್ತೆ?" ಅಂತ. ಎಷ್ಟೋ ಸಲ ಉತ್ತರ ಸೊನ್ನೆ. ಆಂಟೆನಾ ಏನೂ ತಿನ್ನಲ್ಲ, ತಿನ್ನೋದೆಲ್ಲ ಒಳಗಿರೋ ಟ್ರಾನ್ಸ್‌ಮಿಟರ್. ಆದ್ರೂ ಆಂಟೆನಾ ಬದಲಾಯಿಸಿದ್ಮೇಲೇ ತೊಂದರೆ ಶುರುವಾಯ್ತಲ್ಲ ಅಂತ ಜನ ಆಂಟೆನಾನೇ ಬೈತಾ ಇನ್ನೊಂದು, ಮತ್ತೊಂದು ತರಿಸ್ತಾ ಹೋಗ್ತಾರೆ, ದೋಷ ಮಾತ್ರ ಐದು ವೋಲ್ಟಿನ ಸಣ್ಣ ವೈರಲ್ಲೋ ಕನೆಕ್ಟರ್‌ನ ಪಿನ್ನಲ್ಲೋ ಆರಾಮಾಗಿ ಕೂತಿರುತ್ತೆ.

ಅದಕ್ಕೇ ಯಾವ ಲಕ್ಷಣ ನೋಡೋಕೂ ಮುಂಚೆ ನಿಮ್ಮ ಆಂಟೆನಾ ಯಾವ ಜಾತಿದು ಅಂತ ತಿಳ್ಕೊಳ್ಳಿ.

ಪ್ಯಾಸಿವ್ ಆಂಟೆನಾ: ಒಳಗೆ ಎಲೆಕ್ಟ್ರಾನಿಕ್ಸ್ ಇಲ್ಲ, ಬರೀ ಲೋಹ ಮತ್ತೆ ಸೆರಾಮಿಕ್. ಇರಿಡಿಯಂ ಎಸ್‌ಬಿಡಿ (ಉಪಗ್ರಹದ ಮೂಲಕ ಚಿಕ್ಕ ಮೆಸೇಜ್ ಕಳಿಸೋ ಸೇವೆ) ಮೋಡೆಮ್, ಗ್ಲೋಬಲ್‌ಸ್ಟಾರ್ ಸಿಂಪ್ಲೆಕ್ಸ್ (ಬರೀ ಕಳಿಸೋದು, ಕೇಳಲ್ಲ), ಆರ್ಗೋಸ್ (ಪ್ರಾಣಿಗಳ ಜಾಡು ಹಿಡಿಯೋಕೆಲ್ಲ ಬಳಸೋ ಉಪಗ್ರಹ ವ್ಯವಸ್ಥೆ) ಟ್ರಾನ್ಸ್‌ಮಿಟರ್ ಇವಕ್ಕೆಲ್ಲ ಸಾಮಾನ್ಯವಾಗಿ ಇದೇ. ಪವರ್ ಬೇಡ.

ಆಕ್ಟಿವ್ ಆಂಟೆನಾ: ಹೆಚ್ಚಾಗಿ ಜಿಪಿಎಸ್‌ದು. ಒಳಗೊಂದು ಪುಟ್ಟ ಆಂಪ್ಲಿಫೈಯರ್ ಇರುತ್ತೆ, ಅದಕ್ಕೆ 3ರಿಂದ 5 ವೋಲ್ಟ್, ಐದು ಮಿಲಿಆಂಪಿಂದ ಇಪ್ಪತ್ತೈದರ ತನಕ ಕರೆಂಟ್ ಬೇಕು, ಇದು ಬರೋದು ಸಿಗ್ನಲ್ ಬರೋ ಅದೇ ಕೇಬಲ್ಲಲ್ಲೇ.

ಹೊರಗಿನ ಯೂನಿಟ್: ಡಿಶ್ ಮೇಲಿನ ಎಲ್‌ಎನ್‌ಬಿ (ಸಿಗ್ನಲ್ ಕೇಳೋ ಭಾಗ), ಬಿಯುಸಿ (ಕಳಿಸೋ ಭಾಗ), ತಿರುಗೋ ಗುಮ್ಮಟ ಆಂಟೆನಾ. ಇವು ನಿಜವಾಗ್ಲೂ ಪವರ್ ತಿನ್ನೋವು, ಇದನ್ನ ಕೊನೇಲಿ ನೋಡೋಣ.

ಲೇಬಲ್ ಅಳಿಸಿಹೋಗಿದ್ರೆ ಸ್ಪೆಕ್‌ನಲ್ಲಿ ಗೇನ್ (ಸಿಗ್ನಲ್ ಎಷ್ಟು ಹೆಚ್ಚಾಗುತ್ತೆ ಅನ್ನೋದು, ಡಿಬಿ ಲೆಕ್ಕದಲ್ಲಿ) ಎಷ್ಟು ಅಂತ ನೋಡಿ. ಅಂಗೈ ಅಗಲದ ಆಂಟೆನಾಗೆ 28 ಡಿಬಿ ಗೇನ್ ಅಂತ ಬರೆದಿದ್ರೆ ಅದು ಆಕ್ಟಿವ್ವೇ, ಕಣ್ಣು ಮುಚ್ಕೊಂಡು ಹೇಳ್ಬಹುದು, ಯಾಕಂದ್ರೆ ಆ ಸೈಜಿನ ಪ್ಯಾಸಿವ್ ಪ್ಯಾಚ್‌ಗೆ (ಚಪ್ಪಟೆ ಆಂಟೆನಾಗೆ) ಎರಡರಿಂದ ಐದು ಡಿಬಿಗಿಂತ ಹೆಚ್ಚು ಸಿಗಲ್ಲ.

ಶುರು ಮಾಡೋಕೆ ಮುಂಚೆ ಎರಡು ಮಾತು. ಆಂಟೆನಾ ಬಿಚ್ಚೋಕೆ, ಹಾಕೋಕೆ ಮುಂಚೆ ಡಿವೈಸ್ ಆಫ್ ಮಾಡಿ, ಆಂಟೆನಾ ಇಲ್ದೇ ಟ್ರಾನ್ಸ್‌ಮಿಟ್ ಮಾಡಿಸ್ಬೇಡಿ, ಹೊರಗೆ ಹೋಗ್ಬೇಕಾದ ಶಕ್ತಿ ವಾಪಸ್ ಬಂದು ಕೊನೇ ಹಂತದ ಆಂಪ್ಲಿಫೈಯರನ್ನೇ ಸುಡಬಹುದು. ಟೇಬಲ್ ಮೇಲೆ ಟೆಸ್ಟ್ ಮಾಡ್ಲೇಬೇಕು ಅಂದ್ರೆ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಶಕ್ತಿ ಹೀರ್ಕೊಳ್ಳೋ ರೆಸಿಸ್ಟರ್) ಹಾಕಿ. ಎರಡನೇದು, 406 ಮೆಗಾಹರ್ಟ್ಜ್ ಪ್ರಾಣರಕ್ಷಣಾ ಬೀಕನ್‌ಗಳನ್ನ (ಹಡಗಿನದು, ಕೈಲಿ ಹಿಡಿಯೋದು ಯಾವುದಾದ್ರೂ) "ಕೆಲಸ ಮಾಡುತ್ತಾ ನೋಡೋಣ" ಅಂತ ಆನ್ ಮಾಡ್ಬೇಡಿ. ಅದರ ಸಿಗ್ನಲ್ ನೇರವಾಗಿ ಕಾಸ್ಪಾಸ್-ಸಾರ್ಸಾಟ್ ಅನ್ನೋ ಅಂತರರಾಷ್ಟ್ರೀಯ ರಕ್ಷಣಾ ಉಪಗ್ರಹ ವ್ಯವಸ್ಥೆಗೆ ಹೋಗಿ ಹುಡುಕಾಟದ ತಂಡ ಹೊರಡಬಹುದು. ಅದರಲ್ಲಿರೋ ಸೆಲ್ಫ್ ಟೆಸ್ಟ್ ಬಟನ್ ಬಿಟ್ಟು ಬೇರೆ ಏನೂ ಮುಟ್ಟಬೇಡಿ, ಆಂಟೆನಾನಂತೂ ಬದಲಾಯಿಸ್ಲೇಬೇಡಿ.

ಲಕ್ಷಣ: ಮೂಲ ಆಂಟೆನಾದಲ್ಲಿ ಸರಿ ಇತ್ತು, ಹೊರಗಿನದು ಹಾಕಿದ್ರೆ ಸಿಗ್ನಲ್ ಪೂರ್ತಿ ಸೊನ್ನೆ

ಇದಕ್ಕೆ ಪವರ್ ಕಾರಣ ಆಗಿರೋದು ಅಪರೂಪ. ಮೊದಲು ಕಣ್ಣಿಂದ ನೋಡೋದು, ಖರ್ಚಿಲ್ಲದ ಕೆಲಸ.

ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಾಮೂಲಿ ಎಸ್‌ಎಂಎ (ತಿರುಗಿಸಿ ಕೂರಿಸೋ ಪುಟ್ಟ ಆಂಟೆನಾ ಕನೆಕ್ಟರ್) ಅಂದ್ರೆ ಒಳಗಡೆ ಮರೆ (ತಿರುಪಿನ ಗೀರು) ಇರೋ ನಟ್ ಕಡೆ ಮಧ್ಯದಲ್ಲಿ ಪಿನ್ ಇರ್ಬೇಕು, ಹೊರಗಡೆ ಮರೆ ಇರೋ ಕಡೆ ತೂತು ಇರ್ಬೇಕು. ವೈಫೈ ಸಾಮಾನಲ್ಲಿ ಬರೋ ಆರ್‌ಪಿ-ಎಸ್‌ಎಂಎನಲ್ಲಿ ಇದು ತಿರುಗಾಮುರುಗಾ. ಮಜಾ ಏನಂದ್ರೆ ಎರಡೂ ಒಂದಕ್ಕೊಂದು ಚೆನ್ನಾಗಿ ಮರೆ ಕೂತು ಟೈಟ್ ಆಗುತ್ತೆ, ಹೊರಗಿಂದ ಯಾವ ಅನುಮಾನಾನೂ ಬರಲ್ಲ, ಆದ್ರೆ ಒಳಗೆ ತೂತಿಗೆ ತೂತು ಎದುರಾಗಿ ಮಧ್ಯದ ತಂತಿ ತಾಗ್ತಾನೇ ಇರಲ್ಲ. ಪಿನ್ನಿಗೆ ಪಿನ್ ಎದುರಾಗಿದ್ರೆ ಇನ್ನೂ ಕೆಟ್ಟದ್ದು, ಬಲವಂತಕ್ಕೆ ತಿರುಗಿಸಿದ್ರೆ ಎರಡೂ ಹಾಳು.

ಆಮೇಲೆ ಸೆಟ್ಟಿಂಗ್ ನೋಡಿ. ಕೆಲವು ಡಿವೈಸಲ್ಲಿ ಒಳಗಿನ ಆಂಟೆನಾನಾ ಹೊರಗಿನದಾ ಅಂತ ಸಾಫ್ಟ್‌ವೇರಲ್ಲಿ ಆರಿಸ್ಬೇಕು, ಇನ್ನು ಕೆಲವು ಬೋರ್ಡಲ್ಲಿ ಪುಟ್ಟ ಯು.ಎಫ್‌ಎಲ್ ಕೇಬಲ್ಲನ್ನ ಒಂದು ಸಾಕೆಟ್‌ನಿಂದ ಕಿತ್ತು ಪಕ್ಕದ್ದಕ್ಕೆ ಹಾಕ್ಬೇಕು. ಈ ಯು.ಎಫ್‌ಎಲ್ ತುಂಬ ನಾಜೂಕು, ಬೆರಳೆಣಿಕೆಯಷ್ಟು ಸಲ ಕಿತ್ತು ಹಾಕೋಕೆ ಮಾತ್ರ ಮಾಡಿರೋದು, ಓರೆಯಾಗಿ ಒತ್ತಿದ್ರೆ ಹಿಡಿತಾನೇ ಹೋಗುತ್ತೆ.

ಮೂರನೇದು, ಆಂಟೆನಾ ಆ ಫ್ರೀಕ್ವೆನ್ಸಿದೇನಾ? ಇರಿಡಿಯಂ 1616ರಿಂದ 1626.5 ಮೆಗಾಹರ್ಟ್ಜ್, ಜಿಪಿಎಸ್ ಎಲ್1 1575.42. ಪಕ್ಕಪಕ್ಕಾನೇ ಇದೆಯಲ್ಲ ನಡೆಯುತ್ತೆ ಬಿಡು ಅಂತ ಜಿಪಿಎಸ್ ಆಂಟೆನಾ ಹಾಕೋರಿದ್ದಾರೆ. ಪ್ಯಾಸಿವ್ ಜಿಪಿಎಸ್ ಪ್ಯಾಚ್ ಆದ್ರೆ ಕುಂಟ್ತಾ ಕೆಲಸ ಮಾಡಬಹುದೇನೋ, ಆಕ್ಟಿವ್ ಆದ್ರೆ ಅದರ ಒಳಗಿನ ಆಂಪ್ಲಿಫೈಯರ್ ಒಂದೇ ದಿಕ್ಕಿಗೆ ಕೆಲಸ ಮಾಡೋದು, ಬರೀ ಕೇಳೋಕೆ. ಅದರ ಬಾಯಿಗೆ ಹಿಂದಿನಿಂದ ಒಂದೂವರೆ ವಾಟ್ ತುರುಕಿದ್ರೆ ಮೊದಲನೇ ಮೆಸೇಜಲ್ಲೇ ಸತ್ತುಹೋಗಬಹುದು.

ಇಷ್ಟೆಲ್ಲ ಸರಿ ಇದ್ರೆ ಮಲ್ಟಿಮೀಟರ್ ತಗೊಳ್ಳಿ. ಕೇಬಲ್ಲನ್ನ ಎರಡೂ ಕಡೆ ಬಿಚ್ಚಿ ಮಧ್ಯದಿಂದ ಮಧ್ಯಕ್ಕೆ ನೋಡಿ, ಒಂದು ಓಮ್ ಆಸುಪಾಸು ಇರ್ಬೇಕು. ಮಧ್ಯದಿಂದ ಹೊರಗಿನ ಕವಚಕ್ಕೆ ಓಪನ್ ಇರ್ಬೇಕು. ಅಲ್ಲಿ ಶಾರ್ಟ್ ಅಂತ ಬಂದ್ರೆ ಜಾಲರಿಯ ಒಂದು ಎಳೆ ಪಿನ್ನಿಗೆ ತಾಗಿದೆ ಅಂತ ಅರ್ಥ, ಕೈಯಲ್ಲಿ ಕ್ರಿಂಪ್ ಮಾಡಿದ ಕೇಬಲ್ಲಲ್ಲಿ ಇದು ಮಾಮೂಲಿ. ಇದೇ ಟೆಸ್ಟನ್ನ ಆಂಟೆನಾ ಮೇಲೆ ಮಾಡಿ ತೀರ್ಪು ಕೊಡ್ಬೇಡಿ. ಒಂದು ಒಳ್ಳೆ ಪ್ಯಾಚ್ ಆಂಟೆನಾ ಓಪನ್ ತೋರಿಸಬಹುದು, ಅಷ್ಟೇ ಒಳ್ಳೆ ಹೆಲಿಕಲ್ ಆಂಟೆನಾ ಪೂರ್ತಿ ಶಾರ್ಟ್ ತೋರಿಸಬಹುದು, ಸ್ಥಿರ ವಿದ್ಯುತ್ ಇಳಿದುಹೋಗ್ಲಿ ಅಂತ ಹಾಗೇ ಮಾಡಿರ್ತಾರೆ. ಎರಡೂ ಸರಿನೇ.

ಇರಿಡಿಯಂ 9602, 9603 ಮೋಡೆಮ್ ಆದ್ರೆ ಎಸ್‌ಬಿಡಿಐಎಕ್ಸ್ (ಮೆಸೇಜ್ ಕಳಿಸೋ) ಕಮಾಂಡ್‌ಗೆ ಬರೋ ಮೊದಲನೇ ನಂಬರ್ ನೋಡಿ. 0ಯಿಂದ 4 ಅಂದ್ರೆ ಹೋಯ್ತು. 32 ಅಂದ್ರೆ ನೆಟ್‌ವರ್ಕೇ ಕಾಣ್ತಿಲ್ಲ. 33 ಅಂದ್ರೆ ಆಂಟೆನಾ ದೋಷ ಅಂತ ಮೋಡೆಮ್ಮೇ ಹೇಳ್ತಿದೆ. 18 ಅಂದ್ರೆ ಸಂಪರ್ಕ ಸಿಕ್ಕಿತ್ತು, ಮಧ್ಯದಲ್ಲಿ ಕಡಿದುಹೋಯ್ತು, ಇದು ಬಂದ್ರೆ ಕೆಳಗಿನ ಎರಡು ಲಕ್ಷಣ ಓದಿ.

ಲಕ್ಷಣ: ಸಿಗ್ನಲ್ ಕಡ್ಡಿ ಚೆನ್ನಾಗಿದೆ, ಕಳಿಸೋಕೆ ಹೋದ ತಕ್ಷಣ ಡಿವೈಸ್ ರೀಸ್ಟಾರ್ಟ್ ಆಗುತ್ತೆ ಇಲ್ಲಾ ಹ್ಯಾಂಗ್ ಆಗುತ್ತೆ

ಇದು ಹೆಚ್ಚಾಗಿ ಪವರ್ ವಾಸನೆ. ಮೊದಲು ಆಂಟೆನಾನ ಮುಟ್ಟಬೇಡಿ ಇಲ್ಲಿ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಸಿಗ್ನಲ್ ಕಡ್ಡಿ ತೋರಿಸೋದು ಮೇಲಿಂದ ಬರೋದು ಎಷ್ಟು ಚೆನ್ನಾಗಿ ಕೇಳ್ತಿದೆ ಅಂತ ಮಾತ್ರ. ನೀವು ಮೇಲಕ್ಕೆ ಎಷ್ಟು ಜೋರಾಗಿ ಕೂಗ್ತಿದ್ದೀರಿ ಅಂತ ಅದು ಹೇಳಲ್ಲ. ಕೇಳೋಕೆ ಕರೆಂಟ್ ಕಮ್ಮಿ ಸಾಕು, ಕೂಗೋಕೆ ಜಾಸ್ತಿ ಬೇಕು. ಇರಿಡಿಯಂ 9602 ಸುಮ್ನೆ ಇದ್ದಾಗ ಸರಾಸರಿ 50 ಮಿಲಿಆಂಪ್ ಒಳಗೇ ಇರುತ್ತೆ, ಕಳಿಸೋ ಕ್ಷಣದಲ್ಲಿ ಸುಮಾರು 1.5 ಆಂಪ್ ಎಳೆಯುತ್ತೆ, 9603 ಆದ್ರೆ 1.3 ಆಂಪ್. ಅದೂ ಒಂದೇ ಸಮ ಅಲ್ಲ, 90 ಮಿಲಿಸೆಕೆಂಡಿಗೊಂದು ಸಲ ಎಂಟು ಮಿಲಿಸೆಕೆಂಡಿನ ಚುಟುಕು ಎಳೆತ. ಬೋರ್‌ವೆಲ್ ಪಂಪ್ ಆನ್ ಮಾಡಿದ ಕ್ಷಣ ಮನೆ ಲೈಟು ಮಂಕಾಗಲ್ವಾ, ಅದೇ ಕಥೆ ಇಲ್ಲಿ ಸೆಕೆಂಡಿಗೆ ಹನ್ನೊಂದು ಸಲ ನಡೀತಿರುತ್ತೆ.

ಮೊದಲ ಚೆಕ್: ಪವರ್ ಎಲ್ಲಿಂದ ಬರ್ತಿದೆ? ಕಂಪ್ಯೂಟರಿನ ಹಳೇ ಯುಎಸ್‌ಬಿ 2.0 ಪೋರ್ಟ್ ಆದ್ರೆ ಅದರ ಲೆಕ್ಕ 500 ಮಿಲಿಆಂಪ್. ಒಳಗೆ ಸೂಪರ್ ಕೆಪಾಸಿಟರ್ (ಶಕ್ತಿ ಕೂಡಿಟ್ಟು ಒಮ್ಮೆಲೇ ಕೊಡೋ ಬಿಡಿಭಾಗ) ಇರೋ ಡಿವೈಸ್ ಆದ್ರೆ ನಡೆಯುತ್ತೆ, ಬರೀ ಮಾಡ್ಯೂಲ್ ಆದ್ರೆ ನಡೆಯಲ್ಲ. 5 ವೋಲ್ಟ್ 2 ಆಂಪಿನ ಒಳ್ಳೆ ಅಡಾಪ್ಟರ್ ಹಾಕಿ ನೋಡಿ. ಸರಿಹೋದ್ರೆ ರೋಗ ಸಿಕ್ತು.

ಎರಡನೇ ಚೆಕ್: ವೈರ್. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದ್ರೆ ಎಲ್ಲರೂ ಅಡಾಪ್ಟರ್ ನೋಡ್ತಾರೆ, ವೈರ್ ಯಾರೂ ನೋಡಲ್ಲ. ಸಣ್ಣ ಯುಎಸ್‌ಬಿ ಕೇಬಲ್ಲಿನ ಒಳಗೆ ಹೆಚ್ಚಾಗಿ 28 ಗೇಜ್ ತಂತಿ ಇರುತ್ತೆ, ಅದರ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.21 ಓಮ್. ಒಂದು ಮೀಟರ್ ಕೇಬಲ್ ಅಂದ್ರೆ ಹೋಗೋಕೊಂದು ಬರೋಕೊಂದು, ಒಟ್ಟು 0.43 ಓಮ್ ಹತ್ರ. ಅದರಲ್ಲಿ 1.5 ಆಂಪ್ ಹರಿದ್ರೆ 0.64 ವೋಲ್ಟ್ ವೈರಲ್ಲೇ ಬಿತ್ತು. ಅಡಾಪ್ಟರ್ ಹತ್ರ 5.0 ಇದ್ದದ್ದು ಮೋಡೆಮ್ ಹತ್ರ 4.36 ಆಯ್ತು. 9602ಗೆ 4.5ಕ್ಕಿಂತ ಕೆಳಗೆ ಹೋಗ್ಬಾರ್ದು. ಅಲ್ಲಿಗೆ ರೀಸ್ಟಾರ್ಟ್. ಹೊರಗಿನ ಆಂಟೆನಾ ಹಾಕುವಾಗ ಜನ ಡಿವೈಸನ್ನೂ ಕಿಟಕಿ ಹತ್ರನೋ ಛಾವಣಿ ಹತ್ರನೋ ಎತ್ತಿಡ್ತಾರಲ್ಲ, ಆಗ ಪವರ್ ವೈರ್ ಉದ್ದ ಆಗುತ್ತೆ, ತೊಂದರೆ ಶುರುವಾಗುತ್ತೆ, ಬೈಗುಳ ಆಂಟೆನಾಗೆ ಬೀಳುತ್ತೆ. ದಪ್ಪ ವೈರ್ ಹಾಕಿ, ಇಲ್ಲಾ 12 ವೋಲ್ಟ್ ತಗೊಂಡು ಹೋಗಿ ಮೋಡೆಮ್ ಪಕ್ಕದಲ್ಲೇ 5ಕ್ಕೆ ಇಳಿಸಿ, ನನ್ನ ಓಟು ಎರಡನೇದಕ್ಕೆ.

ಮೂರನೇ ಚೆಕ್: ವೋಲ್ಟೇಜ್ ಅಳೆಯೋದು. ಮೋಡೆಮ್ಮಿನ ಪಿನ್ ಮೇಲೇ ಅಳೀರಿ, ಅಡಾಪ್ಟರ್ ಹತ್ರ ಅಲ್ಲ. ಮಲ್ಟಿಮೀಟರ್ ಆರಾಮಾಗಿ 4.95 ಅಂತ ತೋರಿಸಿದ್ರೂ ನಂಬಬೇಡಿ, ಎಂಟು ಮಿಲಿಸೆಕೆಂಡಿನ ಕುಸಿತ ಅದಕ್ಕೆ ಕಾಣಲ್ಲ, ಮಿನ್-ಮ್ಯಾಕ್ಸ್ ಬಟನ್ ಇದ್ರೂ ಎಷ್ಟೋ ಮೀಟರಲ್ಲಿ ಅದು ಅಷ್ಟು ವೇಗ ಇರಲ್ಲ. ಆಸಿಲೋಸ್ಕೋಪ್ (ವೋಲ್ಟೇಜ್ ಏರಿಳಿತ ಗ್ರಾಫಾಗಿ ತೋರಿಸೋ ಉಪಕರಣ) ಬೇಕು. ಅದು ಇಲ್ದಿದ್ರೆ ಒಂದು ಉಪಾಯ, ಗಿಡ್ಡ ದಪ್ಪ ವೈರ್ ಹಾಕಿ ಬೆಂಚ್ ಸಪ್ಲೈನಲ್ಲೋ ಪೂರ್ತಿ ಚಾರ್ಜ್ ಇರೋ ಪವರ್ ಬ್ಯಾಂಕಲ್ಲೋ ಓಡಿಸಿ ನೋಡಿ, ರೀಸ್ಟಾರ್ಟ್ ನಿಂತ್ರೆ ಸಪ್ಲೈ ಕಡೆದೇ ತಪ್ಪು. ಪವರ್ ಬ್ಯಾಂಕ್ ಬಗ್ಗೆ ಒಂದು ಎಚ್ಚರಿಕೆ, ಮೋಡೆಮ್ ಸುಮ್ನಿದ್ದಾಗ ಕರೆಂಟ್ ತುಂಬ ಕಮ್ಮಿ ಅಂತ ಕೆಲವು ಪವರ್ ಬ್ಯಾಂಕು ತಾನಾಗೇ ಆಫ್ ಆಗಿಬಿಡುತ್ತೆ, ಅದನ್ನ ಇನ್ನೊಂದು ದೋಷ ಅಂದ್ಕೋಬೇಡಿ.

ನಾಲ್ಕನೇದು ಕೆಪಾಸಿಟರ್. "ಒಂದು 1000 ಮೈಕ್ರೋಫ್ಯಾರಡ್ ಹಾಕ್ಬಿಡು" ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ಲೆಕ್ಕ ಹಾಕಿ ನೋಡಿ: 1.3 ಆಂಪನ್ನ 8.3 ಮಿಲಿಸೆಕೆಂಡ್ ಪೂರ್ತಿ ಕೆಪಾಸಿಟರ್ರೇ ಕೊಡ್ಬೇಕು, ವೋಲ್ಟೇಜ್ 0.2ಕ್ಕಿಂತ ಹೆಚ್ಚು ಬೀಳ್ಬಾರ್ದು ಅಂದ್ರೆ ಸುಮಾರು 54,000 ಮೈಕ್ರೋಫ್ಯಾರಡ್ ಬೇಕು. ಸಪ್ಲೈ ಕೂಡ ಕೈ ಜೋಡಿಸುತ್ತೆ ಅನ್ನೋದು ನಿಜ, ಆದ್ರೂ 1000 ಎಲ್ಲಿ, 54,000 ಎಲ್ಲಿ. ಅದಕ್ಕೇ ಇಂಥ ಬೋರ್ಡ್‌ಗಳಲ್ಲಿ ಸೂಪರ್ ಕೆಪಾಸಿಟರ್ ಹಾಕೋದು. ನೀವೇ ಹಾಕೋದಾದ್ರೆ 2.7 ವೋಲ್ಟಿಂದು ಎರಡು ಸೀರೀಸಲ್ಲಿ, ಎರಡಕ್ಕೂ ವೋಲ್ಟೇಜ್ ಸಮ ಹಂಚೋ ಹಾಗೆ ಬ್ಯಾಲೆನ್ಸ್ ರೆಸಿಸ್ಟರ್ ಜೊತೆ, ಚಾರ್ಜ್ ಕರೆಂಟಿಗೆ ಮಿತಿ ಇಟ್ಟು ಹಾಕಿ. ಖಾಲಿ ಸೂಪರ್ ಕೆಪಾಸಿಟರ್ ಸಪ್ಲೈ ಕಣ್ಣಿಗೆ ಶಾರ್ಟ್ ತರಾನೇ ಕಾಣೋದು. ಇದು ಚಾರ್ಜ್ ಆಗೋ ತನಕ ಕಾಯದೇ ಕಳಿಸೋಕೆ ಹೋದ್ರೂ ಇದೇ ಲಕ್ಷಣ ಬರುತ್ತೆ, ಆನ್ ಮಾಡಿದ ಕೂಡ್ಲೇ ಫೇಲ್ ಆಗಿ ಆಮೇಲೆ ಸರಿ ಹೋಗೋದು ಇದಕ್ಕೇ.

ಲಕ್ಷಣ: ಕೆಲವು ಮೆಸೇಜ್ ಹೋಗುತ್ತೆ, ಕೆಲವು ಹೋಗಲ್ಲ, ರೀಸ್ಟಾರ್ಟ್ ಆಗಲ್ಲ

ಪವರ್ ಸರಿ ಇದೆ ಅಂತ ಖಾತ್ರಿ ಆದ್ಮೇಲೆ ಇಲ್ಲಿಗೆ ಬನ್ನಿ. ಆಂಟೆನಾಗೆ ಆಕಾಶ ಕಾಣ್ಬೇಕು, ಬರೀ ತಲೆ ಮೇಲಲ್ಲ, ಸುತ್ತಲೂ. ಇರಿಡಿಯಂ ಉಪಗ್ರಹಗಳು 780 ಕಿಲೋಮೀಟರ್ ಎತ್ತರದಲ್ಲಿ ಓಡ್ತಿರ್ತವೆ, ಒಂದು ನಿಮಗೆ ಕಾಣೋದು ಹೆಚ್ಚಂದ್ರೆ ಒಂಬತ್ತು ಹತ್ತು ನಿಮಿಷ. ಒಂದು ಕಡೆ ಗೋಡೆ ಇದ್ರೆ ಉಪಗ್ರಹ ಆ ಕಡೆ ಹೋದಾಗ ಮೆಸೇಜ್ ಫೇಲ್, ಈ ಕಡೆ ಬಂದಾಗ ಪಾಸ್. ಅದೇ ಇನ್‌ಮಾರ್‌ಸ್ಯಾಟ್ ತರಹದ್ದಾದ್ರೆ ಉಪಗ್ರಹ ಭೂಮಧ್ಯರೇಖೆ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಿರುತ್ತೆ, ಆ ದಿಕ್ಕು ಮುಚ್ಚಿದ್ರೆ ಯಾವತ್ತೂ ಹೋಗಲ್ಲ.

ಆಮೇಲೆ ಕೇಬಲ್. ಪವರ್ ಕಳ್ಳ ಅಂದ್ರೆ ಇವನೇ. 3 ಡಿಬಿ ನಷ್ಟ ಅಂದ್ರೆ ಅರ್ಧ ಶಕ್ತಿ ಕೇಬಲ್ಲಲ್ಲೇ ಬಿಸಿಯಾಗಿ ಹೋಯ್ತು. 1.6 ಗಿಗಾಹರ್ಟ್ಜ್‌ನಲ್ಲಿ ತೆಳ್ಳನೆ ಆರ್‌ಜಿ-174 ಮೀಟರಿಗೆ ಒಂದು ಡಿಬಿಗಿಂತ ಹೆಚ್ಚೇ ತಿನ್ನುತ್ತೆ, ಆರ್‌ಜಿ-58 ಮುಕ್ಕಾಲು ಡಿಬಿ ಹತ್ರ, ಎಲ್‌ಎಂಆರ್-200 ಸುಮಾರು 0.43, ಎಲ್‌ಎಂಆರ್-400 ಸುಮಾರು 0.17. ಇರಿಡಿಯಂ ಎಸ್‌ಬಿಡಿ ಮಾಡ್ಯೂಲಿಗೆ ಕೇಬಲ್, ಕನೆಕ್ಟರ್ ಎಲ್ಲ ಸೇರಿ 2 ಡಿಬಿ ದಾಟಬಾರ್ದು. ಅಂದ್ರೆ ಆರ್‌ಜಿ-174 ಆದ್ರೆ ಒಂದು ಮೀಟರ್ ಚಿಲ್ಲರೆ, ಎಲ್‌ಎಂಆರ್-200 ಆದ್ರೆ ನಾಲ್ಕು, ಎಲ್‌ಎಂಆರ್-400 ಆದ್ರೆ ಹತ್ತು. ಹದಿನೈದು ಮೀಟರ್ ತೆಳ್ಳನೆ ಕೇಬಲ್ ಎಳೆದು ಟ್ರಾನ್ಸ್‌ಮಿಟರ್ ಪವರ್ ಜಾಸ್ತಿ ಮಾಡೋದು ಹೇಗೆ ಅಂತ ಕೇಳಿದ್ರೆ ಏನು ಹೇಳೋದು, ಮೋಡೆಮ್ಮನ್ನೇ ಆಂಟೆನಾ ಹತ್ರ ತಗೊಂಡು ಹೋಗಿ, ಅಲ್ಲಿಂದ ಡೇಟಾ ವೈರ್ ಎಳೀರಿ. ನಡುವೆ ಬೂಸ್ಟರ್ ಆಂಪ್ಲಿಫೈಯರ್ ಹಾಕೋ ಯೋಚನೆ ಬಿಡಿ, ಅನುಮತಿ ಇಲ್ಲದ ಪ್ರಸಾರ ಆಗುತ್ತೆ, ಬೇರೆಯವರ ಸಂಪರ್ಕಕ್ಕೂ ಕಲ್ಲು ಹಾಕಿದ ಹಾಗೆ.

ಆಂಟೆನಾ ಹೊಂದಾಣಿಕೆ ಅಳೆಯೋಕೆ ನ್ಯಾನೋವಿಎನ್‌ಎ ಇದ್ರೆ ಒಳ್ಳೇದು, ಆದ್ರೆ ಮೊದಲಿನ ಅಗ್ಗದ ಮಾಡೆಲ್ 1.5 ಗಿಗಾಹರ್ಟ್ಜ್‌ಗೇ ನಿಲ್ಲುತ್ತೆ, ಇಲ್ಲಿಗೆ 3 ಗಿಗಾದ್ದು ಬೇಕು. ಎಸ್‌ಡಬ್ಲ್ಯೂಆರ್ (ಹೊಂದಾಣಿಕೆಯ ಅಳತೆ, 1 ಅಂದ್ರೆ ಪೂರ್ತಿ ಸರಿ) 2 ಬಂದ್ರೆ ವಾಪಸ್ ಬರೋದು ನೂರಕ್ಕೆ 11 ಪಾಲು ಅಷ್ಟೇ, ತಲೆ ಕೆಡಿಸ್ಕೋಬೇಡಿ. 3 ದಾಟಿದ್ರೆ ಕಾಲು ಭಾಗ ವಾಪಸ್, ಆಗ ನೋಡ್ಬೇಕು.

ಗ್ಲೋಬಲ್‌ಸ್ಟಾರ್ ಸಿಂಪ್ಲೆಕ್ಸ್, ಹಳೇ ಆರ್ಗೋಸ್ ತರಹದ ಒನ್‌ವೇ ಡಿವೈಸಿಗೆ "ತಲುಪಿತು" ಅಂತ ಉತ್ತರ ಬರೋ ವ್ಯವಸ್ಥೆನೇ ಇಲ್ಲ. ಲೈಟ್ ಹಸಿರು ಮಿಟುಕಿಸಿದ್ರೆ ಕಳಿಸ್ದೆ ಅಂತ ಅರ್ಥ, ಸೇರ್ತು ಅಂತಲ್ಲ. ಅಲ್ಲೊಂದು ಇಲ್ಲೊಂದು ಕಾಣೆಯಾಗೋದು ಇದರಲ್ಲಿ ದೋಷ ಅಲ್ಲ, ಅದಕ್ಕೇ ಒಂದೇ ಮೆಸೇಜನ್ನ ಹಲವು ಸಲ ಕಳಿಸೋದು. ಆರ್ಗೋಸ್ 401.65 ಮೆಗಾಹರ್ಟ್ಜ್, ಕಾಲು ತರಂಗದ ಕಡ್ಡಿ ಆಂಟೆನಾ 18.7 ಸೆಂಟಿಮೀಟರ್ ಆಸುಪಾಸು ಇರುತ್ತೆ, ತುದಿ ಮುರಿದು ಗಿಡ್ಡ ಆಗಿದ್ರೆ ಪವರ್ ಎಷ್ಟು ಕೊಟ್ರೂ ಪ್ರಯೋಜನ ಇಲ್ಲ.

ಲಕ್ಷಣ: ಮೆಸೇಜ್ ಬರ್ತಿದೆ, ಲೊಕೇಶನ್ ಮಾತ್ರ ಇಲ್ಲ, ಇಲ್ಲಾ ಹಳೇ ಲೊಕೇಶನ್ನೇ ಬರ್ತಿದೆ

"ಆಂಟೆನಾಗೆ ಎಷ್ಟು ವೋಲ್ಟ್" ಅನ್ನೋ ಪ್ರಶ್ನೆಗೆ ನಿಜವಾದ ಜಾಗ ಇದು. ಮೊದಲು ಡಿವೈಸನ್ನ ಬಯಲಲ್ಲಿ ಇಟ್ಟು ಹದಿನೈದು ನಿಮಿಷ ಬಿಡಿ, ತುಂಬ ದಿನ ಆಫ್ ಇದ್ರೆ ಜಿಪಿಎಸ್ ಎಲ್ಲ ಮೊದಲಿಂದ ಹುಡುಕ್ಬೇಕಾಗುತ್ತೆ. ಆಗ್ಲೂ ಇಲ್ಲ ಅಂದ್ರೆ ಜಿಪಿಎಸ್ ಪೋರ್ಟಿನ ಮಧ್ಯದ ಪಿನ್ನಿಗೂ ಹೊರ ಕವಚಕ್ಕೂ ಡಿಸಿ ವೋಲ್ಟ್ ಅಳೀರಿ. ಡಿವೈಸ್ ಆನ್ ಇರ್ಬೇಕು, ಆಂಟೆನಾ ಬಿಚ್ಚಿರ್ಬೇಕು. ಇಲ್ಲಿ ಆಂಟೆನಾ ಬಿಚ್ಚೋದ್ರಿಂದ ತೊಂದರೆ ಇಲ್ಲ, ಇದು ಬರೀ ಕೇಳೋ ಪೋರ್ಟ್, ಆದ್ರೆ ಟ್ರಾನ್ಸ್‌ಮಿಟ್ ಆಂಟೆನಾ ಅದರ ಜಾಗದಲ್ಲೇ ಇರ್ಲಿ. ಮೀಟರಿನ ಮೊನೆ ಪಿನ್ನನ್ನೂ ಕವಚವನ್ನೂ ಒಟ್ಟಿಗೆ ಮುಟ್ಟಿಸಿ ಶಾರ್ಟ್ ಮಾಡ್ಬಾರ್ದು.

3.3 ಇಲ್ಲಾ 5 ಬಂದ್ರೆ: ಪವರ್ ಬರ್ತಿದೆ. ಆಂಟೆನಾ ಮೇಲೆ ಬರೆದಿರೋ ವೋಲ್ಟೇಜಿಗೆ ಹೊಂದುತ್ತಾ ನೋಡಿ. ಬಹಳಷ್ಟು ಆಂಟೆನಾ 2.7ರಿಂದ 5.5ರ ತನಕ ಒಪ್ಕೊಳ್ಳುತ್ತೆ, ಆದ್ರೆ 5 ಮಾತ್ರ ಅನ್ನೋ ಹಳೇ ಆಂಟೆನಾ 3.3ರಲ್ಲಿ ಮಂಕಾಗಿರುತ್ತೆ, 3.3 ಮಾತ್ರ ಅನ್ನೋದು 5ರಲ್ಲಿ ಸುಟ್ಟೇ ಹೋಗಬಹುದು.

ಸೊನ್ನೆ ಬಂದ್ರೆ: ಆ ಪೋರ್ಟ್ ಪ್ಯಾಸಿವ್ ಆಂಟೆನಾಗೇ ಮಾಡಿರೋದು, ಇಲ್ಲಾ ಸಾಫ್ಟ್‌ವೇರಲ್ಲಿ ಆಂಟೆನಾ ಪವರ್ ಆಫ್ ಆಗಿದೆ, ಇಲ್ಲಾ ಪವರ್ ಕೊಡೋ ಕಾಯಿಲ್, ಫ್ಯೂಸ್ ಹೋಗಿದೆ. ಹೊರಗಿಂದ ಬಯಾಸ್-ಟೀ (ಆಂಟೆನಾ ಕೇಬಲ್ಲಿಗೆ ಡಿಸಿ ಸೇರಿಸೋ ಅಡಾಪ್ಟರ್) ಹಾಕಿ ಪವರ್ ಕೊಡಬಹುದು, ಡಿವೈಸ್ ಕಡೆಗೆ ಡಿಸಿ ಹೋಗದ ಹಾಗೆ ತಿರುಗಿಸಿ ಹಾಕ್ಬೇಕು.

ಆಂಟೆನಾ ಹಾಕಿದ ಕೂಡ್ಲೇ 3.3 ಇದ್ದದ್ದು ಅರ್ಧ ವೋಲ್ಟಿಗೆ ಕುಸಿದ್ರೆ: ಕೇಬಲ್ಲಲ್ಲೋ ಆಂಟೆನಾದಲ್ಲೋ ಶಾರ್ಟ್ ಇದೆ. ತಕ್ಷಣ ಬಿಚ್ಚಿ. ಇದನ್ನ ಟಿ-ಅಡಾಪ್ಟರ್ ಹಾಕಿ ಅಳೀಬೇಕು, ಅದಿಲ್ದಿದ್ರೆ ಡಿವೈಸ್ ಒಟ್ಟು ಎಳೆಯೋ ಕರೆಂಟ್ ನೋಡಿ, ಆಂಟೆನಾ ಹಾಕಿದಾಗ ಹತ್ತಿಪ್ಪತ್ತು ಮಿಲಿಆಂಪ್ ಏರಿದ್ರೆ ಸರಿ, ಏರಲೇ ಇಲ್ಲ ಅಂದ್ರೆ ತಂತಿ ಎಲ್ಲೋ ಕಡಿದಿದೆ, ನೂರು ದಾಟಿದ್ರೆ ಶಾರ್ಟ್.

ಯು-ಬ್ಲಾಕ್ಸ್ ಕಂಪನಿಯ ಜಿಪಿಎಸ್ ರಿಸೀವರ್ ಆದ್ರೆ ಆನ್ ಆದಾಗ ಆಂಟೆನಾ ಸ್ಥಿತಿ ಓಕೆ, ಓಪನ್, ಶಾರ್ಟ್ ಅಂತ ಒಂದು ಸಾಲು ಬರೆಯುತ್ತೆ. ಶಾರ್ಟ್ ಅಂದ್ರೆ ನಂಬಿ. ಓಕೆ ಅಂದ್ರೆ ಅರ್ಧ ನಂಬಿ, ಪತ್ತೆ ಮಾಡೋ ಸರ್ಕ್ಯೂಟ್ ಇಲ್ಲದ ಬೋರ್ಡಲ್ಲಿ ಆಂಟೆನಾ ಇಲ್ದಿದ್ರೂ ಅದು ಓಕೆ ಅಂತಾನೇ ಇರುತ್ತೆ.

ಎರಡು ಬಾಲದ ಕಾಂಬೋ ಆಂಟೆನಾ (ಒಂದೇ ಡಬ್ಬಿಲಿ ಇರಿಡಿಯಂ ಮತ್ತೆ ಜಿಪಿಎಸ್) ಹಾಕಿರೋರು ಬಾಲ ಅದಲುಬದಲು ಆಗಿದ್ಯಾ ಅಂತ ನೋಡ್ಲೇಬೇಕು. ಎರಡೂ ಕಪ್ಪು ಕೇಬಲ್, ಎರಡಕ್ಕೂ ಎಸ್‌ಎಂಎ, ಗುರುತು ಅಂದ್ರೆ ತುದೀಲಿ ಒಂದು ಪುಟ್ಟ ಸ್ಟಿಕ್ಕರ್, ಅದೂ ಬಿಸಿಲಿಗೆ ಉದುರಿರುತ್ತೆ. ಅದಲುಬದಲಾಗಿ ಒಂದು ಸಲ ಕಳಿಸಿದ್ರೂ ಜಿಪಿಎಸ್ ಕಡೆಯ ಆಂಪ್ಲಿಫೈಯರ್ ಹೋಗಿರೋ ಸಾಧ್ಯತೆ ಇದೆ, ಆಮೇಲೆ ಸರಿಯಾಗಿ ಹಾಕಿದ್ರೂ ಲೊಕೇಶನ್ ಬರಲ್ಲ. ಬೇರೆ ಯಾವುದಾದ್ರೂ ಜಿಪಿಎಸ್ ಆಂಟೆನಾ ಹಾಕಿ ನೋಡಿದ್ರೆ ಗೊತ್ತಾಗುತ್ತೆ.

ಮೆಸೇಜ್ ಕಳಿಸೋವಾಗ ಮಾತ್ರ ಜಿಪಿಎಸ್ ತಪ್ಪಿ ಆಮೇಲೆ ವಾಪಸ್ ಬಂದ್ರೆ ಅದು ದೋಷ ಅಲ್ಲ, ಎರಡು ಆಂಟೆನಾ ತೀರಾ ಹತ್ರ ಇವೆ. ಜಿಪಿಎಸ್ ಸಿಗ್ನಲ್ ಭೂಮಿಗೆ ಬರೋವಾಗ ಮೈನಸ್ 130 ಡಿಬಿಎಂ (ಮಿಲಿವಾಟಿಗೆ ಹೋಲಿಸಿದ ಡಿಬಿ) ಆಸುಪಾಸು, ಪಕ್ಕದ ಇರಿಡಿಯಂ ಕೂಗೋದು ಪ್ಲಸ್ 32ರಲ್ಲಿ. ಕಿವಿ ಕಿವುಡಾಗದೆ ಇರುತ್ತಾ? ದೂರ ಇಡಿ, ಇಲ್ಲಾ ಲೊಕೇಶನ್ ಮೊದಲು ತಗೊಂಡು ಆಮೇಲೆ ಕಳಿಸೋ ಹಾಗೆ ಸೆಟ್ ಮಾಡಿ.

ಲಕ್ಷಣ: ಹಗಲು ಸರಿ, ಚಳಿಲಿ ಇಲ್ಲ. ತಿಂಗಳುಗಟ್ಟಲೆ ಇಟ್ಟು ತೆಗೆದ್ರೆ ಮೊದಲನೇ ಮೆಸೇಜ್ ಫೇಲ್

ಬ್ಯಾಟರಿ. ಆಲ್ಕಲೈನ್ ಸೆಲ್ಲಿನ ಒಳ ರೆಸಿಸ್ಟೆನ್ಸ್ ಚಳಿಲಿ ಏರುತ್ತೆ, ಸುಮ್ನೆ ಅಳೆದ್ರೆ 1.5 ವೋಲ್ಟ್ ತೋರಿಸುತ್ತೆ, ಒಂದು ಆಂಪ್ ಕೇಳಿದ್ರೆ ಕುಸಿಯುತ್ತೆ. ಅದೇ ಸೈಜಿನ ಲಿಥಿಯಂ ಸೆಲ್ ಮೈನಸ್ 40 ಡಿಗ್ರಿ ತನಕ ತಡೆಯುತ್ತೆ. 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಇನ್ನೊಂದು ತರ, ತುಂಬ ದಿನ ಸುಮ್ನಿದ್ರೆ ಒಳಗೆ ಒಂದು ಪದರ ಕಟ್ಟಿಕೊಂಡು ಮೊದಲ ಎಳೆತಕ್ಕೆ ವೋಲ್ಟೇಜ್ ಬಿದ್ದುಬಿಡುತ್ತೆ, ಸ್ವಲ್ಪ ಲೋಡ್ ಕೊಟ್ಮೇಲೆ ಪದರ ಒಡೆದು ಸರಿಹೋಗುತ್ತೆ. ಇದನ್ನ ಚಾರ್ಜ್ ಮಾಡೋಕೆ, ನೇರವಾಗಿ ಬೆಸುಗೆ ಹಾಕೋಕೆ ಹೋಗ್ಲೇಬೇಡಿ, ಸಿಡಿಯುತ್ತೆ, ಒಳಗಿನ ದ್ರವ ವಿಷ. ಸೋಲಾರ್ ಇರೋದ್ರಲ್ಲಿ ಬೆಳಗಿನ ಜಾವ ಮಾತ್ರ ಫೇಲ್ ಆದ್ರೆ ರಾತ್ರಿ ಖರ್ಚಿಗೆ ಬ್ಯಾಟರಿ ಸಾಲ್ತಿಲ್ಲ ಅಂತಾನೇ.

ಗಾಡಿಲಿ ಹಾಕಿದ್ದು ಇಂಜಿನ್ ಸ್ಟಾರ್ಟ್ ಮಾಡಿದಾಗ ಆಫ್ ಆದ್ರೂ ಕಥೆ ಅದೇ, ಸ್ಟಾರ್ಟರ್ ಎಳೆದಾಗ 12 ವೋಲ್ಟ್ ಕ್ಷಣಕಾಲ ಎಷ್ಟೋ ಕೆಳಗೆ ಹೋಗುತ್ತೆ. ಈ ಕುಸಿತ ತಡ್ಕೊಳ್ಳೋ ಕನ್ವರ್ಟರ್, ಫ್ಯೂಸ್ ಹಾಕಿ ಬ್ಯಾಟರಿಯಿಂದಲೇ ನೇರ ವೈರ್ ಎಳೀರಿ, ಸಿಗರೇಟ್ ಲೈಟರ್ ಪ್ಲಗ್ ನಂಬಬೇಡಿ.

ಲಕ್ಷಣ: ಸಿಡಿಲು ರಕ್ಷಕ ಹಾಕಿದ್ಮೇಲೆ, ಇಲ್ಲಾ ಮಳೆ ಆದ್ಮೇಲೆ ಕೆಟ್ಟಿತು

ಸಿಡಿಲು ರಕ್ಷಕದಲ್ಲಿ (ಅರೆಸ್ಟರ್) ಎರಡು ತರ. ಗ್ಯಾಸ್ ಟ್ಯೂಬ್ ಇರೋದು ಸಾಮಾನ್ಯವಾಗಿ ಡಿಸಿ ಬಿಡುತ್ತೆ. ಕಾಲು ತರಂಗದ ಸ್ಟಬ್ (ನೆಲಕ್ಕೆ ಸೇರಿಸಿರೋ ಗಿಡ್ಡ ಲೋಹದ ತುಂಡು) ಇರೋದು ಡಿಸಿನ ನೆಲಕ್ಕೆ ಶಾರ್ಟ್ ಮಾಡುತ್ತೆ, ಅದರ ಕೆಲಸಾನೇ ಅದು. ಇದನ್ನ ಆಕ್ಟಿವ್ ಜಿಪಿಎಸ್ ಲೈನಲ್ಲಿ ಹಾಕಿದ್ರೆ ಆಂಟೆನಾಗೆ ಒಂದು ಹನಿ ಪವರ್ ಹೋಗಲ್ಲ. ಪ್ಯಾಸಿವ್ ಇರಿಡಿಯಂ ಲೈನಲ್ಲಿ ಎರಡೂ ನಡೆಯುತ್ತೆ.

ಮಳೆ ಆದ್ಮೇಲೆ ಅಂದ್ರೆ ಕನೆಕ್ಟರ್ ಬಿಚ್ಚಿ ನೋಡಿ, ಹಸಿರು ಪಾಚಿ ಬಣ್ಣ ಕಂಡ್ರೆ ತಾಮ್ರ ತಿಂದಿದೆ, ಆ ಕೇಬಲ್ ಒಣಗಿಸಿದ್ರೂ ಉಪಯೋಗ ಇಲ್ಲ, ಜಾಲರಿ ಒಳಗೆ ನೀರು ಮೀಟರ್‌ಗಟ್ಟಲೆ ಹೋಗಿರುತ್ತೆ. ಹೊಸದು ಹಾಕಿ, ತಾನೇ ಅಂಟಿಕೊಳ್ಳೋ ರಬ್ಬರ್ ಟೇಪ್ ಸುತ್ತಿ, ಕೇಬಲ್ ಒಳಗೆ ಬರೋ ಜಾಗದಲ್ಲಿ ಕೆಳಕ್ಕೊಂದು ಬಾಗು ಬಿಡಿ.

ಲಕ್ಷಣ: ಡಿಶ್ ಕಡೆ ರಿಸೀವ್ ಇದೆ, ಟ್ರಾನ್ಸ್‌ಮಿಟ್ ಇಲ್ಲ

ವಿಸ್ಯಾಟ್‌ನಲ್ಲಿ (ಡಿಶ್ ಇಟ್ಟು ಉಪಗ್ರಹದ ಜೊತೆ ಎರಡೂ ಕಡೆ ಡೇಟಾ ನಡೆಸೋ ವ್ಯವಸ್ಥೆ) ಎಲ್‌ಎನ್‌ಬಿಗೆ 13 ಇಲ್ಲಾ 18 ವೋಲ್ಟ್ ಒಂದು ಕೇಬಲ್ಲಲ್ಲಿ, ಬಿಯುಸಿಗೆ 24 ಇಲ್ಲಾ 48 ವೋಲ್ಟ್ ಇನ್ನೊಂದರಲ್ಲಿ ಹೋಗುತ್ತೆ, ಜೊತೆಗೆ 10 ಮೆಗಾಹರ್ಟ್ಜ್ ರೆಫರೆನ್ಸ್ (ಫ್ರೀಕ್ವೆನ್ಸಿಗೆ ತಾಳ ಕೊಡೋ ಸಿಗ್ನಲ್) ಕೂಡ. ಮೋಡೆಮ್ ಸೆಟ್ಟಿಂಗಲ್ಲಿ ಬಿಯುಸಿ ಪವರ್ ಮತ್ತೆ 10 ಮೆಗಾ ಎರಡೂ ಆನ್ ಇದ್ಯಾ ಅಂತ ಮೊದಲು ನೋಡಿ, ಎರಡನೇದನ್ನ ಮರೆತು ಬಿಯುಸಿ ಸುಟ್ಟಿದೆ ಅಂತ ತೀರ್ಮಾನ ಮಾಡೋರು ಬಹಳ. ಆಮೇಲೆ ಮೋಡೆಮ್ ಆಫ್ ಮಾಡಿ ಡಿಶ್ ಕಡೆ ಕೇಬಲ್ ಬಿಚ್ಚಿ, ಆನ್ ಮಾಡಿ ತುದೀಲಿ ವೋಲ್ಟ್ ಅಳೀರಿ, ಮತ್ತೆ ಆಫ್ ಮಾಡಿಯೇ ವಾಪಸ್ ಹಾಕಿ. ಕರೆಂಟ್ ಇರೋವಾಗ ಕನೆಕ್ಟರ್ ತಿರುಗಿಸಿದ್ರೆ ಕಿಡಿ ಹಾರಿ ಮೋಡೆಮ್ ಪೋರ್ಟ್ ಹೋಗುತ್ತೆ. ಲೋಡ್ ಇಲ್ದೇ 24 ಇದ್ದು, ಬಿಯುಸಿ ಹಾಕಿದ್ರೆ 18ಕ್ಕೆ ಬಿದ್ರೆ ಕೇಬಲ್ ಉದ್ದ ಜಾಸ್ತಿ ಇಲ್ಲಾ ತಾಮ್ರದ ಬದಲು ತಾಮ್ರ ಲೇಪಿಸಿದ ಉಕ್ಕಿನ ತಂತಿ.

ಟ್ರಾನ್ಸ್‌ಮಿಟ್ ಆಗ್ತಿರೋವಾಗ ಡಿಶ್ ಮುಂದೆ, ಫೀಡ್ ಮುಂದೆ ತಲೆ ಇಡಬೇಡಿ. ಚಿಕ್ಕ ಟ್ರ್ಯಾಕರ್ ಆಂಟೆನಾದಿಂದ್ಲೂ ಒಂದು ಗೇಣು ದೂರ ಇರೋದು ಒಳ್ಳೇದು.

ಎಲ್ಲಿಗೆ ನಿಲ್ಲಿಸ್ಬೇಕು

ಬ್ಯಾಟರಿ ಊದಿದ್ರೆ, ಡಿವೈಸ್ ಮುಟ್ಟೋಕಾಗದಷ್ಟು ಬಿಸಿ ಆದ್ರೆ, ಸುಟ್ಟ ವಾಸನೆ ಬಂದ್ರೆ ಅಲ್ಲೇ ಬಿಟ್ಟುಬಿಡಿ. ಮೋಡ ಗುಡುಗ್ತಿರೋವಾಗ ಛಾವಣಿ, ಕಂಬ ಹತ್ತಬೇಡಿ, ಕರೆಂಟ್ ಲೈನ್ ಹತ್ರದ ಕಂಬವನ್ನಂತೂ ಯಾವತ್ತೂ ಹತ್ತಬೇಡಿ. ಒಳ್ಳೆ ಸಪ್ಲೈ, ಗಿಡ್ಡ ಕೇಬಲ್, ಮೂಲ ಆಂಟೆನಾ, ತೆರೆದ ಆಕಾಶ ಈ ನಾಲ್ಕೂ ಇದ್ದು ಮೆಸೇಜ್ ಹೋಗ್ತಿಲ್ಲ ಅಂದ್ರೆ, ಮೊದಲು ಸಬ್‌ಸ್ಕ್ರಿಪ್ಶನ್ ಚಾಲ್ತಿಲಿ ಇದ್ಯಾ ಅಂತ ಸೇವೆ ಕೊಡೋರನ್ನ ಕೇಳಿ (ನಗ್ಬೇಡಿ, ಎಸ್‌ಬಿಡಿಐಎಕ್ಸ್ ಕಮಾಂಡಿಗೆ ಕೋಡ್ 15 ಅಥವಾ 16 ಬರ್ತಿದ್ರೆ ಅನುಮತಿ ಇಲ್ಲ, ಲಾಕ್ ಆಗಿದೆ ಅಂತಾನೇ ಅರ್ಥ), ಅದೂ ಸರಿ ಇದ್ರೆ ಡಿವೈಸನ್ನ ಸರ್ವಿಸಿಗೆ ಕೊಡಿ. ಒಳಗಿನ ಪವರ್ ಆಂಪ್ಲಿಫೈಯರ್ ಮನೇಲಿ ರಿಪೇರಿ ಮಾಡೋ ಸಾಮಾನಲ್ಲ. ಕೊಡುವಾಗ ಈ ಮಾಹಿತಿ ಬರೆದು ಕೊಡಿ: ಆಂಟೆನಾ ಮಾಡೆಲ್, ಕೇಬಲ್ ಜಾತಿ ಮತ್ತೆ ಉದ್ದ, ಮೋಡೆಮ್ ಪಿನ್ನಲ್ಲಿ ಸುಮ್ನಿದ್ದಾಗ ಎಷ್ಟು ವೋಲ್ಟ್ ಕಳಿಸುವಾಗ ಎಷ್ಟು, ಜಿಪಿಎಸ್ ಪೋರ್ಟಲ್ಲಿ ಎಷ್ಟು ವೋಲ್ಟ್, ಯಾವ ಕೋಡ್ ಬರ್ತಿದೆ. "ಸಿಗ್ನಲ್ ಬರಲ್ಲ" ಅಂತ ಮಾತ್ರ ಬರೆದ್ರೆ ಅವರೂ ಮೊದಲಿಂದ ಇದೇ ದಾರಿ ಹಿಡಿದು ಬರ್ಬೇಕು.